ಎಲ್ಲರ ಬುತ್ತಿ

ಬಯಲಿನ ಅಂಚಿಗೆ ಒಂದು ಊರು. ಊರಿಗೆ ಒಂದು ಬಂಡೆ, ಬಂಡೆಯ ಮೇಲೆ ಒಂದು ವಿದ್ಯಾಪೀಠ. ಆ ಊರಿನವರಿಗೆ ತಮ್ಮ ವಿದ್ಯಾಪೀಠದ ಬಗ್ಗೆ ಎಷ್ಟು ಹೆಮ್ಮೆಯೆಂದರೆ, ಪರಸ್ಥಳದವರು ದಾರಿ ಕೇಳಿದರೆ ಮೊದಲು ಬಂಡೆಯನ್ನು ತೋರಿಸಿ ಆಮೇಲೆ ದಾರಿ ಹೇಳುತ್ತಿದ್ದರು. ಹೆಮ್ಮೆಪಡಲಿ ಬಿಡಿ. ಅಂಥದ್ದೊಂದು ನಮ್ಮೂರಲ್ಲಿದ್ದಿದ್ದರೆ ನಾವು ದಾರಿಯನ್ನೂ ಹೇಳುತ್ತಿರಲಿಲ್ಲ.

ವಿದ್ಯಾಪೀಠದಲ್ಲಿ ಓದಿಗೊಂದು ಅಂಗಳ. ನಕ್ಷತ್ರ ನೋಡುವವರಿಗೆ ಒಂದು ಅಂಗಳ, ಮೂಳೆ ಕೂಡಿಸುವವರಿಗೆ ಒಂದು, ನ್ಯಾಯ ಹೇಳುವವರಿಗೆ ಒಂದು, ಮನೆ ಕಟ್ಟುವವರಿಗೆ ಒಂದು. ಅಂಗಳ ಅಂಗಳದ ನಡುವೆ ಎತ್ತರದ ಗೋಡೆ. ಓದುವುದು ಬೇರೆ ಬೇರೆಯಾದರೂ ಓದು ಮುಗಿದ ಮೇಲೆ ಎಲ್ಲರೂ ಹೊರಡುವುದು ಒಂದೇ ಬಾಗಿಲಿನಿಂದ, ದಾಟುವುದು ಒಂದೇ ಬಯಲನ್ನು. ಬಯಲಿನ ಆಚೆಗೆ ಲೋಕ.

ದಾಟುವವರಿಗೆ ಒಂದು ಕಟ್ಟಳೆ ಇತ್ತು. ಕಲಿತ ವಿದ್ಯೆ ತಲೆಯಲ್ಲಿ ಎಷ್ಟಾದರೂ ಇರಲಿ, ಕೈಯಲ್ಲಿ ಮಾತ್ರ ವಿದ್ಯಾಪೀಠ ಕಟ್ಟಿಕೊಟ್ಟ ಬುತ್ತಿ ಒಂದೇ ಇರಬೇಕು. ನಕ್ಷತ್ರದವನಿಗೂ ಅದೇ ಬುತ್ತಿ, ಮೂಳೆಯವಳಿಗೂ ಅದೇ ಬುತ್ತಿ. ಅದಕ್ಕೇ ಅದರ ಹೆಸರು ಎಲ್ಲರ ಬುತ್ತಿ. ಒಳಗೆ ರೊಟ್ಟಿ ಚಟ್ನಿ ಇರುತ್ತಿರಲಿಲ್ಲ. ಯಾವ ಓದಿನವರೇ ಆಗಲಿ, ಮನುಷ್ಯರಾಗಿ ಆಚೆ ದಡ ಮುಟ್ಟಲು ಬೇಕೇ ಬೇಕು ಎಂದು ಹಿರಿಯರು ಆರಿಸಿದ ವಸ್ತುಗಳಿರುತ್ತಿದ್ದವು. ಗಂಟೆ, ದೀಪ, ತಕ್ಕಡಿ, ಸೂಜಿ, ಹಗ್ಗ, ನಕ್ಷೆ, ಇನ್ನೂ ಏನೇನೋ. ಒಂದೊಂದನ್ನು ಕಲಿಸಲು ಒಬ್ಬೊಬ್ಬ ಗುರು.

ತಲೆಮಾರಿಗೊಮ್ಮೆ ಬುತ್ತಿ ಬಿಚ್ಚುವ ದಿನ ಬರುತ್ತಿತ್ತು. ಆ ದಿನ ಗುರುಗಳೆಲ್ಲ ಕೂತು ಏನಿರಬೇಕು, ಏನು ಬೇಡ ಎಂದು ತೀರ್ಮಾನಿಸಬೇಕು. ಹೊಸ ಬುತ್ತಿ ಕಟ್ಟುವವರೆಗೆ ಹೊರಡುವವರಿಗೆ ಬಾಗಿಲು ತೆರೆಯುವುದಿಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿತ್ತು: ತೆಗೆಯುವುದಾದರೆ ಅದನ್ನು ಕಲಿಸುವವರೇ ತೆಗೆಯಬೇಕು, ಇಡುವುದಾದರೆ ಬೇರೆಯವರೇ, ಯಾಕೆಂದು ಹೇಳಿ, ಇಡಬೇಕು. ಕಡೆಗೆ ಆ ವರ್ಷದ ಮಕ್ಕಳಲ್ಲಿ ಎಲ್ಲರಿಗಿಂತ ಸಣಕಲು ಮೈಯವರು ಬುತ್ತಿಯನ್ನು ಎಡಗೈಯಲ್ಲಿ ಎತ್ತಿಕೊಂಡು ನಡುವಣ ಅಂಗಳವನ್ನು ಒಂದು ಸುತ್ತು ಬರಬೇಕು. ಕೈ ಸೋತರೆ ಬುತ್ತಿ ಭಾರ.

ಹಿರಿಯರು ಬುದ್ಧಿವಂತರು, ಸರಿಯೇ. ಆದರೆ ಅವರ ಮೊಮ್ಮಕ್ಕಳು ಅವರಿಗಿಂತ ಬುದ್ಧಿವಂತರು. ಇಡುವುದು ಸುಲಭವಾಗಿತ್ತು: ನೀವು ನನ್ನದನ್ನು ಇಡಿ, ನಾನು ನಿಮ್ಮದನ್ನು ಇಡುತ್ತೇನೆ, ಯಾಕೆಂದು ಕೇಳುವುದು ಬೇಡ. ತೆಗೆಯುವುದು ಮಾತ್ರ ಯಾರಿಂದಲೂ ಆಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಬುತ್ತಿ ಭಾರವಾದಾಗಲೆಲ್ಲ ತೆಗೆಯುವ ಬದಲು ಒಬ್ಬೊಬ್ಬರೂ ತಮ್ಮ ತಮ್ಮ ವಸ್ತುವನ್ನು ಒಂದಿಷ್ಟು ಸವೆಸಿದರು. ಹಗ್ಗ ಮೊಳವಾಯಿತು, ಮೊಳ ಗೇಣಾಯಿತು, ಗೇಣು ಬೆರಳುದ್ದವಾಯಿತು. ದೀಪದ ಎಣ್ಣೆ ಹೋಯಿತು, ಬತ್ತಿ ಹೋಯಿತು, ಹಣತೆಯ ಒಂದು ಚೂರು ಉಳಿಯಿತು. ಬುತ್ತಿಯಲ್ಲಿ ಎಲ್ಲವೂ ಇತ್ತು, ಎಡಗೈಗೆ ಹಗುರವಾಗಿಯೂ ಇತ್ತು. ಇಷ್ಟೊಂದು ವಸ್ತುವಿರುವ ಬುತ್ತಿ ಲೋಕದಲ್ಲಿ ಇನ್ನೆಲ್ಲೂ ಇಲ್ಲವೆಂದು ಊರು ಬೀಗಿತು. ಹೋದ ಮಕ್ಕಳಲ್ಲಿ ಒಬ್ಬರೂ ತಿರುಗಿ ಬಂದಿರಲಿಲ್ಲ. ಅಷ್ಟು ಚೆನ್ನಾಗಿ ಬದುಕುತ್ತಿದ್ದಾರೆ ಎಂದು ಊರು ಅದಕ್ಕೂ ಬೀಗಿತು.

ಗುರುಗಳಲ್ಲಿ ಮೊದಲ ಮಣೆ ಗಂಟೆಯಮ್ಮನದು. ಬುತ್ತಿಗೆ ಎಲ್ಲಕ್ಕಿಂತ ಮೊದಲು ಬಿದ್ದದ್ದು ಗಂಟೆ. ಬಯಲಲ್ಲಿ ಧೂಳೆದ್ದರೆ ಒಬ್ಬರಿಗೊಬ್ಬರು ಕಾಣುವುದಿಲ್ಲ, ಆಗ ಗಂಟೆ ಬಾರಿಸಿದರೆ ಚದುರಿದವರು ಸದ್ದು ಹಿಡಿದು ಕೂಡಿಕೊಳ್ಳುತ್ತಾರೆ. ಅವಳ ಗುರುವಿನ ಗುರುವಿನ ಗುರು ಅದನ್ನು ಕಲಿಸಿದ್ದರು. ಗಂಟೆಯಮ್ಮ ನೆಟ್ಟಗೆ ನಡೆಯುತ್ತಿದ್ದಳು, ನೆಟ್ಟಗೆ ಕೂರುತ್ತಿದ್ದಳು. ಮೊದಲ ಮಣೆಯ ಮೇಲೆ ಕೂತವಳು ಬೆನ್ನು ಬಾಗಿಸಬಾರದು ಎಂಬುದು ಅವಳ ಎಣಿಕೆ. ಅವಳ ಎದುರಿಗೆ, ಕೊನೆಯ ಮಣೆಯ ಮೇಲೆ, ನಕ್ಷೆಯ ಮೇಷ್ಟ್ರು. ನಕ್ಷೆ ಬುತ್ತಿಗೆ ತಡವಾಗಿ ಬಂದದ್ದು. ಮೇಷ್ಟ್ರ ನಾಲಿಗೆ ಮಾತ್ರ ಎಲ್ಲೂ ತಡವಾಗುತ್ತಿರಲಿಲ್ಲ. "ಗಂಟೆಯಮ್ಮನವರು ಕೂತಿದ್ದಾರೋ, ನೇತು ಹಾಕಿದ್ದಾರೋ" ಎಂದು ಅವರು ಕೇಳಿದ್ದನ್ನು ಊರೆಲ್ಲ ಆಡಿಕೊಂಡಿತ್ತು.

ಬುತ್ತಿ ಬಿಚ್ಚುವ ದಿನ ಬಂತು. ಗುರುಗಳು ಮಣೆಗಳ ಮೇಲೆ ಸುತ್ತ ಕೂತರು. ನಡುವೆ ಬುತ್ತಿ. ಗಂಟೆಯಮ್ಮ ವಾಡಿಕೆಯಂತೆ ಕೇಳಿದಳು.

"ಬುತ್ತಿ ಯಾರದು?"

"ಎಲ್ಲರದು."

"ಹೊರುವವರು ಯಾರು?"

"ಮಕ್ಕಳು."

"ಕಟ್ಟುವವರು ಯಾರು?"

"ನಾವು, ನಾವು, ನಾವು."

ಮೂರನೆಯ "ನಾವು" ಮುಗಿಯುವ ಮೊದಲೇ ಬಾಗಿಲನ್ನು ಯಾರೋ ಬಡಿದರು. ಹೊರಗಿನಿಂದ ಬಡಿದರು. ಆ ಬಾಗಿಲನ್ನು ಹೊರಗಿನಿಂದ ಬಡಿದದ್ದು ಯಾರಿಗೂ ನೆನಪಿರಲಿಲ್ಲ. ತೆರೆದರೆ, ಹೋದ ವರ್ಷ ನಕ್ಷತ್ರದ ಅಂಗಳದಿಂದ ಹೊರಟಿದ್ದ ಹುಡುಗಿ ನಿಂತಿದ್ದಳು. ತುಟಿ ಒಡೆದಿತ್ತು, ಕೂದಲು ಧೂಳಿನ ಬಣ್ಣಕ್ಕೆ ತಿರುಗಿತ್ತು. ನೀರು ಕೊಟ್ಟರು. ಕುಡಿದಳು. ಇನ್ನೂ ಕೊಟ್ಟರು. ಅದನ್ನೂ ಕುಡಿದಳು. ಆಮೇಲೆ ಅಳದೆ, ಬೈಯದೆ, ಪಾಠ ಒಪ್ಪಿಸುವವಳಂತೆ ಹೇಳಿದಳು.

"ಕತ್ತಲಾಯ್ತು, ದೀಪ ತೆಗೆದೆ, ಹಣತೆ ಚೂರು ಸಿಕ್ತು. ಬಟ್ಟೆ ಹರೀತು, ಸೂಜಿ ತೆಗೆದೆ, ಅದಕ್ಕೆ ಕಣ್ಣಿರಲಿಲ್ಲ. ಬಾವಿ ಸಿಕ್ತು. ಹಗ್ಗ ಬಿಟ್ಟೆ, ಬಾವಿಯ ಕಟ್ಟೆಯನ್ನೂ ದಾಟಲಿಲ್ಲ. ಧೂಳೆದ್ದಿತು, ಜೊತೆಯವರು ಕಾಣಲಿಲ್ಲ. ಗಂಟೆ ಅಲ್ಲಾಡಿಸಿದೆ." ಅವಳು ಗಂಟೆಯಮ್ಮನ ಕಡೆ ತಿರುಗಿದಳು. "ಸದ್ದು ಬರಲಿಲ್ಲಮ್ಮ. ಅದಕ್ಕೆ ನಾಲಿಗೆ ಇಲ್ಲ."

ಹುಡುಗಿ ಹತ್ತಿರ ಬಂದು ಕಡಲೆಕಾಳಿನಷ್ಟು ದೊಡ್ಡ ಗಂಟೆಯೊಂದನ್ನು ಅವಳ ಅಂಗೈಯಲ್ಲಿಟ್ಟಳು. "ನಿಮ್ಮದು, ತಗೊಳ್ಳಿ," ಎಂದಳು. ಅಷ್ಟು ಮರ್ಯಾದೆಯಿಂದ ಕೊಟ್ಟಳಲ್ಲ, ಅದೇ ಗಂಟೆಯಮ್ಮನಿಗೆ ಚುಚ್ಚಿತು.

ಸಭೆಯಲ್ಲಿ ಗದ್ದಲವೆದ್ದಿತು. ಹಗ್ಗ ಪೂರ್ತಿ ಇರಬೇಕು, ಉಳಿದವರು ಇನ್ನಷ್ಟು ಸವೆಸಿಕೊಳ್ಳಲಿ ಎಂದರು ಹಗ್ಗದ ಮೇಷ್ಟ್ರು. ದೀಪಕ್ಕೆ ಎಣ್ಣೆ ಬೇಕು, ಹಗ್ಗ ಯಾಕೆ ಎಂದರು ದೀಪದ ಮೇಷ್ಟ್ರು. ತಕ್ಕಡಿಯಮ್ಮ ಎರಡು ತಟ್ಟೆಯೂ ಬೇಕೆಂದಳು. ಸೂಜಿಯಕ್ಕ, ಎಲ್ಲರಿಗಿಂತ ಕಿರಿಯಳು, ತೆಗೆಯುವುದು ಬೇಡ, "ತೆಗೆದಂತೆ ಇಡೋಣ" ಎಂದಳು. ಅಳಿಯ ಅಲ್ಲ ಮಗಳ ಗಂಡ ಎಂದು ನಕ್ಷೆಯ ಮೇಷ್ಟ್ರು ನಕ್ಕರು. ಅವರೂ ತಮ್ಮ ನಕ್ಷೆಯನ್ನು ತೆಗೆಯಲಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಬಾಗಿಲ ಬಳಿ ಈ ವರ್ಷ ಹೊರಡಬೇಕಾದ ಮಕ್ಕಳು ಅಂಗಳಕ್ಕೊಂದು ಗುಂಪಾಗಿ ನಿಂತು ಮರಳಿ ಬಂದವಳ ತುಟಿಯನ್ನೇ ನೋಡುತ್ತಿದ್ದರು.

ಗಂಟೆಯಮ್ಮ ಅಂಗೈಯನ್ನು ನೋಡಿದಳು. ಅವಳಿಗೆ ಕರುಣೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಸಿಟ್ಟು ಬಂತು. ತನ್ನ ಗುರುಗಳ ಗಂಟೆ, ಬಯಲಿಗೆಲ್ಲ ಕೇಳುತ್ತಿದ್ದ ಗಂಟೆ, ಕಾಳಾಗಿ ಚೂರುಪಾರುಗಳ ನಡುವೆ ಬಿದ್ದಿರುವುದೇ? ಇಷ್ಟಕ್ಕೇ ತಾನು ನೆಟ್ಟಗೆ ಕೂತದ್ದೇ? ಅವಳು ಎದ್ದಳು. ಬುತ್ತಿಯ ಬಳಿಗೆ ಹೋಗಿ ಒಳಗಿದ್ದ ಗಂಟೆಯನ್ನು ಹುಡುಕಿ ತೆಗೆದಳು.

"ನನ್ನ ಗಂಟೆ ಇದ್ದರೆ ಗಂಟೆಯಾಗಿಯೇ ಇರಲಿ. ಹೀಗೆ ಇರೋದಾದರೆ ಬೇಡ. ನಾನು ತೆಗೆದೆ."

ಸಭೆ ದಂಗಾಯಿತು. ಮೊದಲ ಮಣೆಯವಳು ತೆಗೆದ ಮೇಲೆ ಮಿಕ್ಕವರು ಇಟ್ಟುಕೊಂಡು ಕೂರುವುದು ಹೇಗೆ? ತಕ್ಕಡಿಯಮ್ಮ ಎದ್ದು ತನ್ನ ಒಂಟಿ ತಟ್ಟೆಯನ್ನು ತೆಗೆದಳು. ದೀಪದ ಮೇಷ್ಟ್ರು ಚೂರನ್ನು ತೆಗೆದರು. ಹಗ್ಗ ಹೋಯಿತು, ಸೂಜಿ ಹೋಯಿತು. ಕೊನೆಗೆ ನಕ್ಷೆಯ ಮೇಷ್ಟ್ರು ಉಗುರಿನಷ್ಟು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ, ಗಂಟೆಯಮ್ಮನಿಗೆ ಮೊದಲ ಸಲ ತಲೆಬಾಗಿದರು. ಬುತ್ತಿ ಬರೀ ಬಟ್ಟೆಯಾಯಿತು.

ಈಗ ಇಡಬೇಕು. ಇಡುವವರು ಬೇರೆಯವರೇ ಆಗಬೇಕು, ಯಾಕೆ ಇಡುತ್ತೇನೆಂದು ಹೇಳಿ ಇಡಬೇಕು. ಮೊದಲ ಮಣೆಯವರು ಮೊದಲು. ಗಂಟೆಯಮ್ಮ ಬಾಯಿ ತೆರೆದಳು. ದೀಪ ಇಡೋಣವೆಂದರೆ ದೀಪದಿಂದ ಏನಾಗುತ್ತದೆ? ಬೆಳಕಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಅದಕ್ಕಿಂತ ಒಂದು ಮಾತು ಹೆಚ್ಚು ಅವಳಿಗೆ ಗೊತ್ತಿರಲಿಲ್ಲ. ತಕ್ಕಡಿಯನ್ನು ಅವಳು ಎಂದೂ ಹಿಡಿದಿರಲಿಲ್ಲ. ಸೂಜಿಗೆ ದಾರ ಪೋಣಿಸಿರಲಿಲ್ಲ. ಸುತ್ತ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಇಷ್ಟು ವರ್ಷ ಮಣೆಗೆ ಮಣೆ ತಾಗಿಸಿ ಕೂತವರಲ್ಲಿ ಒಬ್ಬರಿಗೂ ಪಕ್ಕದವರ ವಸ್ತು ತಿಳಿದಿರಲಿಲ್ಲ. ಲೋಕದ ಮಕ್ಕಳೆಲ್ಲ ಕಲಿಯಲೇಬೇಕೆಂದು ತಾವು ಕಟ್ಟಿದ ಬುತ್ತಿಯನ್ನು ಕಟ್ಟಿದವರೇ ಕಲಿತಿರಲಿಲ್ಲ.

ಹೆಮ್ಮೆಯವರಿಗೆ ಇಂಥ ಹೊತ್ತಿನಲ್ಲಿ ಎರಡೇ ದಾರಿ. ಮುಚ್ಚಿಡುವುದು ಒಂದು. ಗಂಟೆಯಮ್ಮನ ಹೆಮ್ಮೆ ಅದಕ್ಕಿಂತ ದೊಡ್ಡದಾಗಿತ್ತು. ಮುಚ್ಚಿಡುವುದು ಅವಳಿಗೆ ಸಣ್ಣತನವಾಗಿ ಕಂಡಿತು. ಅವಳು ಅಂಗಳವನ್ನು ದಾಟಿ ಕೊನೆಯ ಮಣೆಯ ಎದುರಿಗೆ ಬಂದು, ಬರೀ ನೆಲದ ಮೇಲೆ, ನೆಟ್ಟಗೆ ಕೂತಳು.

"ಮೇಷ್ಟ್ರೇ, ನನಗೆ ನಕ್ಷೆ ಬರಲ್ಲ. ಕಲಿಸಿ."

ನಕ್ಷೆಯ ಮೇಷ್ಟ್ರಿಗೆ ತಮಾಷೆಯ ಮಾತು ಬಾಯಿಗೆ ಬಂತು. ನುಂಗಿಕೊಂಡರು. "ಕಲಿಸ್ತೀನಮ್ಮ. ಆದರೆ ನನಗೆ ಗಂಟೆ ಹೇಳಿಕೊಡಬೇಕು. ನನಗೂ ಅದು ಬರಲ್ಲ."

ಆ ಋತು ಬಾಗಿಲು ತೆರೆಯಲಿಲ್ಲ. ಊರು ಗೊಣಗಿತು. ಗುರುಗಳು ಕಲಿಯುತ್ತಿದ್ದಾರಂತೆ, ಹಾಗಾದರೆ ಇಷ್ಟು ದಿನ ಏನು ಕಲಿಸಿದರು ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು. ಯಾರ ಅಂಗಳವೂ ಅಲ್ಲದ ನಡುವಣ ಅಂಗಳದಲ್ಲಿ ಗುರುಗಳು ಒಬ್ಬರ ಮುಂದೆ ಒಬ್ಬರು ಕೂತು ತಡವರಿಸಿದರು. ದೀಪದ ಮೇಷ್ಟ್ರು ಬೆರಳು ಚುಚ್ಚಿಕೊಂಡು ಹೊಲಿಗೆ ಕಲಿತರು. ತಕ್ಕಡಿಯಮ್ಮ ಗಾಳಿಗೆ ಆರಿದ ದೀಪವನ್ನು ಹಚ್ಚಿದಳು, ಹಚ್ಚಿದಳು, ಮತ್ತೆ ಹಚ್ಚಿದಳು. ಮಕ್ಕಳು ಮೊದಲು ಅವರವರ ಗೋಡೆ ಹತ್ತಿ ಕೂತು ನೋಡಿದರು. ಆಮೇಲೆ ಗೋಡೆ ಇಳಿದು ಹತ್ತಿರ ಬಂದು ಕೂತರು. ಗುರುಗಳು ತಪ್ಪು ಮಾಡುವುದನ್ನು ನೋಡುವ ಭಾಗ್ಯ ದಿನಾ ಸಿಗುತ್ತದೆಯೇ? ಒಟ್ಟಿಗೆ ನಕ್ಕರು, ಒಟ್ಟಿಗೆ ತಿದ್ದಿದರು. ಯಾರು ಯಾವ ಅಂಗಳದವರೆಂದು ನೋಡಿದರೆ ತಿಳಿಯದಂತಾಯಿತು.

ಗಂಟೆಯಮ್ಮ ವಿದ್ಯಾಪೀಠದ ನಕ್ಷೆ ಬರೆದಳು. ಅಂಗಳ, ಗೋಡೆ, ಬಾಗಿಲು, ಉಗ್ರಾಣ, ಉಗ್ರಾಣದ ಒಳಗಿನ ಕೋಣೆ. ಮೇಷ್ಟ್ರು ನೋಡಿ ಕೇಳಿದರು.

"ಈ ಒಳಕೋಣೆ ನೋಡಿದ್ದೀರಾ?"

"ಇಲ್ಲ. ಇರಲೇಬೇಕಲ್ಲ."

ಮೇಷ್ಟ್ರು ಅದನ್ನು ಅಳಿಸಿದರು. "ನೋಡದೆ ಇರೋದನ್ನ ಬರೀಬೇಡಿ. ಖಾಲಿ ಬಿಡಿ. ಬರೆಯೋದು ಯಾರಿಗಾದರೂ ಬರುತ್ತೆ, ಖಾಲಿ ಬಿಡೋಕೆ ಧೈರ್ಯ ಬೇಕು."

ಅವಳು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. ತನಗೆ ಗೊತ್ತಿಲ್ಲದ್ದಕ್ಕೆ ಒಂದು ಜಾಗವಿದೆ, ಅದನ್ನು ಗೆರೆ ಎಳೆದು ತೋರಿಸಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈ ಮನುಷ್ಯನನ್ನು ಇಷ್ಟು ದಿನ ಬಾಯಿಬಡುಕ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳೂ ಮೇಷ್ಟ್ರನ್ನು ಸುಮ್ಮನೆ ಬಿಡಲಿಲ್ಲ. ದೊಡ್ಡ ಗಂಟೆಯನ್ನು ಕೈಗೆ ಕೊಟ್ಟು, ಬಾರಿಸಿ, ನಿಲ್ಲಿಸಿ, ಕೇಳಿ, ಉತ್ತರ ಬಂತೇ ಕೇಳಿ, ಮತ್ತೆ ಬಾರಿಸಿ ಎಂದು ತೋಳು ಬೀಳುವವರೆಗೆ ಕಲಿಸಿದಳು.

ಋತು ತಿರುಗಿತು. ಗುರುಗಳು ಮತ್ತೆ ಸುತ್ತ ಕೂತರು.

"ಬುತ್ತಿ ಯಾರದು?"

"ಎಲ್ಲರದು."

"ಹೊರುವವರು ಯಾರು?"

"ಮಕ್ಕಳು."

"ಕಟ್ಟುವವರು ಯಾರು?"

"ನಾವು." ಈ ಸಲ ಒಂದೇ ಸಲ ಹೇಳಿದರು.

ಗಂಟೆಯಮ್ಮ ಎದ್ದು ನಕ್ಷೆ ಇಡುತ್ತೇನೆಂದಳು. ಪೂರ್ತಿ ನಕ್ಷೆ, ಖಾಲಿ ಜಾಗಗಳ ಸಮೇತ. ಯಾಕೆಂದು ಹೇಳಿದಳು. ಉಗ್ರಾಣದ ಕೋಣೆಯ ಕಥೆ ಹೇಳಿದಾಗ ಸಭೆ ನಕ್ಕಿತು, ಅವಳೂ ನಕ್ಕಳು. ದೀಪದ ಮೇಷ್ಟ್ರು ಸೂಜಿ ಇಟ್ಟರು, ಕಣ್ಣಿರುವ ಸೂಜಿ. ತಕ್ಕಡಿಯಮ್ಮ ದೀಪ ಇಟ್ಟಳು, ಎಣ್ಣೆ ತುಂಬಿಸಿ. ಸೂಜಿಯಕ್ಕ ತಕ್ಕಡಿ ಇಟ್ಟಳು. ಕಡೆಯವರೆಗೆ ಕಾಯದೆ ಒಂದೊಂದು ಇಟ್ಟಾಗಲೂ ಸಣಕಲು ಹುಡುಗನೊಬ್ಬ ಎಡಗೈಯಲ್ಲಿ ಎತ್ತಿ ಅಂಗಳ ಸುತ್ತಿ ಬಂದ. ಹಗ್ಗದ ಮೇಷ್ಟ್ರ ಸರದಿ ಬಂದಾಗ ಅವರು ಹುಡುಗನ ತೋಳು ನೋಡಿ, "ನಾನು ಏನೂ ಇಡಲ್ಲ," ಎಂದರು. ಇಡದಿರುವುದೂ ಒಂದು ಇಡುವುದೆಂದು ಸಭೆ ಒಪ್ಪಿತು. ಅವರಂತೆ ಇನ್ನೂ ಕೆಲವರು ಬಿಟ್ಟುಕೊಟ್ಟರು. ಇನ್ನೊಂದಕ್ಕೆ ಜಾಗವಿತ್ತು. ಒಂದಕ್ಕೆ ಮಾತ್ರ. ಉಳಿದ ಮಣೆಯೂ ಒಂದೇ, ನಕ್ಷೆಯ ಮೇಷ್ಟ್ರದು.

ಎಲ್ಲರ ಕಣ್ಣೂ ಗಂಟೆಯ ಮೇಲೆ ಬಿತ್ತು. ಅವಳು ಅವರದನ್ನು ಇಟ್ಟಿದ್ದಾಳೆ. ಅವರು ಅವಳದನ್ನು ಇಡುತ್ತಾರೆ. ಇದರಲ್ಲಿ ಕೇಳುವುದೇನಿದೆ? ಗಂಟೆಯಮ್ಮನಿಗೂ ಹಾಗೇ ಅನ್ನಿಸಿತು. ಈ ಸಲ ಕಾಳಲ್ಲ, ನಿಜವಾದ ಗಂಟೆ. ಗುರುವಿನ ಗುರುವಿನ ಗುರುವಿಗೆ ಕೇಳಿಸುವಂಥ ಗಂಟೆ.

ನಕ್ಷೆಯ ಮೇಷ್ಟ್ರು ಎದ್ದರು. ಗಂಟೆಯನ್ನು ಕೈಗೆ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡು ಮತ್ತೆ ಕೆಳಗಿಟ್ಟರು.

"ಇದನ್ನ ನಾನು ಚೆನ್ನಾಗಿ ಕಲಿತೆ. ಕಲಿತದ್ದರಿಂದಲೇ ಹೇಳ್ತಿದ್ದೀನಿ. ಬಾಯಾರಿ ಬಿದ್ದವರಿಗೆ ಗಂಟೆ ಬಾರಿಸೋಕೆ ಕೈ ಏಳಲ್ಲ. ನಾನು ಹಗ್ಗ ಇಡ್ತೀನಿ. ಬಾವಿಯ ನೀರು ಮುಟ್ಟೋ ಅಷ್ಟು ಉದ್ದದ್ದು."

ಮೇಷ್ಟ್ರು ಗಂಟೆಯಮ್ಮನ ಮುಖ ನೋಡಲಿಲ್ಲ, ನೋಡಿದ್ದರೆ ಆ ಮಾತು ಆಡಲು ಆಗುತ್ತಿರಲಿಲ್ಲವೇನೋ. ಅವಳಿಗೆ ನೋವಾಯಿತು. ಬಹಳ ನೋವಾಯಿತು. ಕೂತ ಮೊದಲ ಮಣೆ ಕೆಳಗಿನಿಂದ ಜಾರಿದಂತಾಯಿತು. ಒಂದು ಗಳಿಗೆ ಅವಳು ಆ ಮನುಷ್ಯನನ್ನು ದ್ವೇಷಿಸಿದಳು. ಇನ್ನೊಂದು ಗಳಿಗೆಗೆ, ತಾನು ಕಲಿಸಿದವರು ತನ್ನೆದುರಿಗೇ ನಿಂತು ಮುಖ ನೋಡಿ ಮಣೆ ಹಾಕದೆ ಮಾತಾಡಿದರಲ್ಲ ಎಂದು ಅವಳ ಎದೆ ತುಂಬಿತು. ಇಂಥ ಶಿಷ್ಯ ತನಗೆ ಸಿಕ್ಕಿರಲಿಲ್ಲ. ಇಂಥ ಸಭೆ ಆ ಬಂಡೆಯ ಮೇಲೆ ನಡೆದಿರಲಿಲ್ಲ. ಅವಳೇ ಎದ್ದು ಹಗ್ಗವನ್ನು ಸುರುಳಿ ಸುತ್ತಿ ಮೇಷ್ಟ್ರ ಕೈಗೆ ಕೊಟ್ಟಳು. ಹುಡುಗ ಬುತ್ತಿಯನ್ನು ಎತ್ತಿದ, ಸುತ್ತು ಬಂದ. ಕೈ ನಡುಗಿತು, ಸೋಲಲಿಲ್ಲ.

ಬಾಗಿಲು ತೆರೆಯಿತು. ಬೆಳಗಿನ ಬಿಸಿಲಲ್ಲಿ ಗಂಟೆಯಮ್ಮ ಬಾಗಿಲ ಬಳಿ ನಿಂತು ಒಬ್ಬೊಬ್ಬರಿಗೂ ಬುತ್ತಿ ಕೊಟ್ಟಳು. ಮೊದಲು ಹೊರಟವಳು ಮರಳಿ ಬಂದವಳೇ. ಬುತ್ತಿಯನ್ನು ಎಡಗೈಯಲ್ಲಿ ತೂಗಿ ನೋಡಿದಳು, ಹೊಸ್ತಿಲ ಮೇಲೆ ನಿಂತಳು.

"ಅಮ್ಮ, ಮತ್ತೆ ಧೂಳೆದ್ದರೆ? ಗಂಟೆ ಇಲ್ವಲ್ಲ."

ಹುಡುಗಿಯ ತುಟಿ ಈಗ ವಾಸಿಯಾಗಿತ್ತು. ಅದನ್ನು ನೋಡಿ ಗಂಟೆಯಮ್ಮನಿಗೆ ಮಾತು ಬಂತು.

"ಬಾಯಿ ಇದೆಯಲ್ಲೇ, ಕೂಗು. ಹೋದ ಸಲ ಯಾಕೆ ಕೂಗಲಿಲ್ಲ ನೀನು?"

"ಯಾರನ್ನ ಅಂತ ಕೂಗ್ಲಿ? ಒಬ್ಬರ ಹೆಸರೂ ಗೊತ್ತಿರಲಿಲ್ಲ."

"ಈಗ?"

ಹುಡುಗಿ ಹಿಂದಕ್ಕೆ ತಿರುಗಿ ನೋಡಿದಳು. ಮೂಳೆಯವರು, ನ್ಯಾಯದವರು, ಮನೆ ಕಟ್ಟುವವರು ಕಲಸಿಹೋಗಿ ನಿಂತಿದ್ದರು. ಅವಳು ನಕ್ಕು ಹೊರಟಳು. ಹಿಂದೆಯೇ ಮಕ್ಕಳೆಲ್ಲ ಹೊರಟರು. ಗುರುಗಳು ಗೋಡೆ ಹತ್ತಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಬಯಲಲ್ಲಿ ಧೂಳೆದ್ದಿತು. ಮಕ್ಕಳು ಕಾಣದಾದರು. ಕೆಂಪು ಧೂಳು ಬಿಟ್ಟರೆ ಏನೂ ಇಲ್ಲ.

ಆಮೇಲೆ ಧೂಳಿನೊಳಗಿಂದ ಒಂದು ಕೂಗು ಬಂತು.

"ತಿಪ್ಪಕ್ಕಾ! ಎಲ್ಲಿದ್ದೀಯೇ?"

"ಇಲ್ಲೇ! ಸಿದ್ದವೀರಾ, ನಿನ್ನ ಎಡಕ್ಕೆ ಬಾರೋ!"

"ಓ ಜೈನಾಬೀ! ರಾಚವ್ವ ನಿನ್ನ ಜೊತೆ ಇದ್ದಾಳಾ?"

"ಇದ್ದಾಳೆ! ಲೂಸಿಯೂ ಇದ್ದಾಳೆ! ನಡೀರಿ, ನಡೀರಿ!"

ಹೆಸರು ಹೆಸರನ್ನು ಹಿಡಿದುಕೊಂಡು ಕೂಗು ಮುಂದೆ ಮುಂದೆ ಹೋಯಿತು. ಹಿಂದಕ್ಕೆ ಒಂದೂ ಬರಲಿಲ್ಲ. ಗಂಟೆಯಮ್ಮನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಕ್ಷೆಯ ಮೇಷ್ಟ್ರು ಕೆಮ್ಮಿದರು, ಮೇಲುವಸ್ತ್ರ ಸರಿಮಾಡಿಕೊಂಡರು, ಕೊನೆಗೆ ಅಳುಕುತ್ತಾ ಕೇಳಿದರು.

"ಗಂಟೆ ಹೋಯ್ತು ಅಂತ ಬೇಜಾರಾ ಅಮ್ಮ?"

"ಬೇಜಾರು ಇಲ್ಲದೆ ಇರುತ್ತಾ?" ಎಂದಳು ಗಂಟೆಯಮ್ಮ. "ಈಗ ಸುಮ್ಮನಿರಿ ಮೇಷ್ಟ್ರೇ. ನಮ್ಮ ಮಕ್ಕಳು ಮಾತಾಡ್ತಿದ್ದಾರೆ."